ಫ್ಲೆಕ್‌ಟೋನ್ಸ್ ಆಲ್ಬಮ್‌ಗಳು: ಯಾವುದನ್ನು ಮೊದಲು ಕೇಳಬೇಕು, ಯಾವುದನ್ನು ಆಮೇಲೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಕೇಳುಗರಿಗೆ ಹಿಂದೂಸ್ತಾನಿ ಬೈಠಕ್ ಹೊಸದಲ್ಲ, ರಾತ್ರಿಯಿಡೀ ಕುಳಿತು ಚಂಡೆ ಮದ್ದಳೆ ಕೇಳುವುದೂ ಹೊಸದಲ್ಲ. ವಾದ್ಯಗಾರನ ಕೈಚಳಕ ಯಾವುದು, ಬರಿಯ ಗದ್ದಲ ಯಾವುದು ಎಂಬುದನ್ನು ಇಲ್ಲಿಯ ಕಿವಿ ಬೇಗ ಗುರುತಿಸುತ್ತದೆ. ಅಂಥವರಲ್ಲಿ ಯಾರಾದರೂ ಅಮೆರಿಕದ ‘ಬೇಲಾ ಫ್ಲೆಕ್ ಅಂಡ್ ದ ಫ್ಲೆಕ್‌ಟೋನ್ಸ್’ ತಂಡದ ಹೆಸರು ಕೇಳಿ ಮೊಬೈಲಿನಲ್ಲಿ ಹುಡುಕಿದರೆ, ಹತ್ತಕ್ಕೂ ಹೆಚ್ಚು ಆಲ್ಬಮ್‌ಗಳು ಒಟ್ಟಿಗೇ ಎದುರಿಗೆ ಬರುತ್ತವೆ. ಅವುಗಳಲ್ಲೊಂದು ಕ್ರಿಸ್ಮಸ್ ಹಾಡುಗಳದ್ದು, ಇನ್ನೊಂದು ಮೂರು ಸೀಡಿಗಳಷ್ಟು ಉದ್ದದ್ದು, ಮತ್ತೊಂದು ಹಾಡುಗಾರಿಕೆ ತುಂಬಿದ್ದು. ಕೈಗೆ ಸಿಕ್ಕಿದ್ದನ್ನು ಮೊದಲು ಕೇಳಿ, ಇದು ನಮಗೆ ಹೇಳಿದ್ದಲ್ಲ ಎಂದು ಬಿಟ್ಟುಬಿಡುವವರು ಬಹಳ. ಹಾಗೆ ಬಿಡಬಾರದ ಸಂಗೀತ ಇದು ಎಂಬ ಕಾರಣಕ್ಕೆ, ಆಲ್ಬಮ್ ಆರಿಸುವ ಬಗೆಯನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ತಂಡದ ಪರಿಚಯ ಬೇಕು. ಬೇಲಾ ಫ್ಲೆಕ್ 1958ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವರು. ಅವರ ಹೆಸರು ಹಂಗೇರಿಯ ಸಂಗೀತ ರಚನಕಾರ ಬೇಲಾ ಬಾರ್ಟೋಕ್ ಅವರ ನೆನಪಿಗೆ ಇಟ್ಟದ್ದು. ನುಡಿಸುವುದು ಐದು ತಂತಿಯ ಬ್ಯಾಂಜೊ. ದೂರದರ್ಶನದ ಒಂದು ಹಾಸ್ಯ ಧಾರಾವಾಹಿಯ ಶೀರ್ಷಿಕೆ ಹಾಡಿನಲ್ಲಿ ಅರ್ಲ್ ಸ್ಕ್ರಗ್ಸ್ ಅವರ ಬ್ಯಾಂಜೊ ಕೇಳಿ ಆ ವಾದ್ಯದ ಕಡೆಗೆ ಒಲಿದ ಈ ಹುಡುಗ, ಮುಂದೆ 1980ರ ದಶಕದಲ್ಲಿ ‘ನ್ಯೂ ಗ್ರಾಸ್ ರಿವೈವಲ್’ ಎಂಬ ತಂಡದಲ್ಲಿ ನುಡಿಸಿ ಹೆಸರು ಮಾಡಿದರು. 1988ರಲ್ಲಿ ಅಮೆರಿಕದ ಒಂದು ಟಿ.ವಿ. ಕಾರ್ಯಕ್ರಮಕ್ಕಾಗಿ ತಮ್ಮದೇ ತಂಡವೊಂದನ್ನು ಕಟ್ಟಿದರು. ಬಾಸ್ ಗಿಟಾರಿಗೆ ವಿಕ್ಟರ್ ವೂಟನ್, ತಾಳಕ್ಕೆ ವಿಕ್ಟರ್ ಅವರ ಅಣ್ಣ ರಾಯ್ ವೂಟನ್, ಮೌತ್ ಆರ್ಗನ್ ಮತ್ತು ಪಿಯಾನೊಗೆ ಹೌವರ್ಡ್ ಲೆವಿ. ಇದೇ ಫ್ಲೆಕ್‌ಟೋನ್ಸ್. ‘ಫ್ಯೂಚರ್ ಮ್ಯಾನ್’ ಎಂಬ ಹೆಸರಿನಿಂದ ವೇದಿಕೆಗೆ ಬರುವ ರಾಯ್ ನುಡಿಸುವುದು ‘ಡ್ರಮಿಟಾರ್’. ಅದು ನೋಡಲು ಗಿಟಾರಿನಂತಿದ್ದು, ಬೆರಳಿನಿಂದ ಗುಂಡಿಗಳನ್ನು ಒತ್ತಿದರೆ ಡ್ರಮ್‌ಗಳ ನಾದ ಹೊರಡಿಸುವ ಎಲೆಕ್ಟ್ರಾನಿಕ್ ವಾದ್ಯ. ಆಲ್ಬಮ್ ಕೇಳುವಾಗ ಹಿಂದೆ ಯಾರೋ ಡ್ರಮ್ ಸೆಟ್ ಮುಂದೆ ಕುಳಿತು ಬಾರಿಸುತ್ತಿದ್ದಾರೆ ಎನ್ನಿಸುವ ಎಷ್ಟೋ ಕಡೆ ಇರುವುದು ಈ ಒಬ್ಬ ಮನುಷ್ಯನ ಹತ್ತು ಬೆರಳು.

ಬ್ಯಾಂಜೊ ಬಗ್ಗೆ ಎರಡು ಸಂಗತಿ ತಿಳಿದಿದ್ದರೆ ಮುಂದಿನದ್ದೆಲ್ಲ ಸುಲಭ. ಐದನೆಯ ತಂತಿ ಉಳಿದ ನಾಲ್ಕಕ್ಕಿಂತ ಗಿಡ್ಡ, ಅದರ ಬಿರಟೆ ಇರುವುದು ಕುತ್ತಿಗೆಯ ನಡುವೆ, ಐದನೆಯ ಮೆಟ್ಟಿಲಿನ ಹತ್ತಿರ. ಆ ತಂತಿಯನ್ನು ಹೆಚ್ಚಾಗಿ ಒತ್ತದೆ, ಒಂದೇ ಎತ್ತರದ ಸ್ವರವಾಗಿ ಹೆಬ್ಬೆರಳಿನಿಂದ ಮೀಟುತ್ತ ಹೋಗುತ್ತಾರೆ. ಸಿತಾರಿನ ಚಿಕಾರಿ ತಂತಿ ಮಾಡುವ ಕೆಲಸವನ್ನೇ ಅದು ಇಲ್ಲಿ ಮಾಡುತ್ತದೆ. ಎರಡನೆಯದಾಗಿ, ಬ್ಯಾಂಜೊದ ಕುದುರೆ ಕುಳಿತಿರುವುದು ಮರದ ಮೇಲಲ್ಲ, ಬಿಗಿದ ಹೊದಿಕೆಯ ಮೇಲೆ. ಹಾಗಾಗಿ ಸ್ವರ ಚುರುಕಾಗಿ ಸಿಡಿದು ಬೇಗ ಅಡಗುತ್ತದೆ, ಸಿತಾರಿನಂತೆ ಎಳೆದು ನಿಲ್ಲಿಸಲು ಬರುವುದಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಿಗೆ ನಖಿ ತೊಟ್ಟು ಒಂದರ ಹಿಂದೊಂದು ಉರುಳಿಸುವ ಸ್ಕ್ರಗ್ಸ್ ಶೈಲಿ ಇಷ್ಟು ಪ್ರಚಾರಕ್ಕೆ ಬಂದದ್ದೂ ಇದರಿಂದಲೇ. ಅಡಗಿದ ಸ್ವರದ ಜಾಗವನ್ನು ಮುಂದಿನ ಸ್ವರ ತುಂಬಲೇಬೇಕು. ಬೇಲಾ ಫ್ಲೆಕ್ ಅವರ ವೇಗವನ್ನು ಪ್ರದರ್ಶನ ಎಂದುಕೊಳ್ಳುವವರು ಈ ಕಾರಣವನ್ನು ಮನಸ್ಸಿನಲ್ಲಿಟ್ಟು ಕೇಳಬೇಕು. ಆಫ್ರಿಕದಿಂದ ಗುಲಾಮರಾಗಿ ಸಾಗಿಸಲ್ಪಟ್ಟವರ ನೆನಪಿನಲ್ಲಿ ಅಮೆರಿಕಕ್ಕೆ ಬಂದ ವಾದ್ಯ ಇದು, ಗುಡ್ಡಗಾಡಿನ ಬಿಳಿಯರ ಸಂಗೀತಕ್ಕೆ ಸೇರಿದ್ದು ಆಮೇಲೆ.

ಬ್ಲೂಗ್ರಾಸ್ ಎಂದರೆ 1940ರ ದಶಕದಲ್ಲಿ ಕೆಂಟಕಿಯ ಬಿಲ್ ಮನ್ರೋ ಅವರ ತಂಡದಿಂದ ರೂಪುಗೊಂಡ ಪದ್ಧತಿ. ಬ್ಯಾಂಜೊ, ಪಿಟೀಲು, ಮ್ಯಾಂಡೊಲಿನ್, ಗಿಟಾರ್, ನಿಲುವು ಬಾಸ್ ಇಷ್ಟೇ ವಾದ್ಯಗಳು, ಡ್ರಮ್ ಇಲ್ಲ, ಒಬ್ಬೊಬ್ಬರು ಸರದಿಯಂತೆ ಮುಂದೆ ಬಂದು ನುಡಿಸಿ ಹಿಂದೆ ಸರಿಯುತ್ತಾರೆ. ಜಾಝ್ ಫ್ಯೂಷನ್, ಅಂದರೆ ಜಾಝ್ ಜೊತೆ ಬೇರೆ ಸಂಗೀತ ಬೆಸೆಯುವ ಪದ್ಧತಿಯ ಬಗ್ಗೆ ಇಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಜಾನ್ ಮೆಕ್‌ಲಾಫ್ಲಿನ್, ಝಾಕಿರ್ ಹುಸೇನ್, ವಿಕ್ಕು ವಿನಾಯಕರಾಂ ಅವರ ‘ಶಕ್ತಿ’ ತಂಡವನ್ನು ಕೇಳಿದವರಿಗೆ ಆ ಮನೋಧರ್ಮ ಗೊತ್ತೇ ಇದೆ. ಫ್ಲೆಕ್‌ಟೋನ್ಸ್ ಮಾಡಿದ್ದು ಬ್ಲೂಗ್ರಾಸಿನ ವಾದ್ಯವನ್ನು ತಂದು ಜಾಝ್ ಪದ್ಧತಿಯ ನಡುವೆ ಕೂರಿಸಿದ್ದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ತಂಡದ ಆಲ್ಬಮ್ ಆರಿಸುವಾಗ ಬಿಡುಗಡೆಯಾದ ವರ್ಷವನ್ನಾಗಲಿ, ಬಂದ ಪ್ರಶಸ್ತಿಯನ್ನಾಗಲಿ, ಅತಿಥಿ ಕಲಾವಿದರ ಪಟ್ಟಿಯನ್ನಾಗಲಿ ಮೊದಲು ನೋಡಬೇಡಿ. ನಾಲ್ಕನೆಯ ಜಾಗದಲ್ಲಿ ಯಾರು ಕುಳಿತಿದ್ದಾರೆ ಎಂಬುದನ್ನು ನೋಡಿ. ಬ್ಯಾಂಜೊ, ಬಾಸ್, ಡ್ರಮಿಟಾರ್ ಎಂಬ ಮೂರು ಈ ತಂಡದಲ್ಲಿ ಬದಲಾಗಿಯೇ ಇಲ್ಲ. ಮೂರೂ ಸಿಡಿದು ಅಡಗುವ, ತಾಳಕ್ಕೆ ಹತ್ತಿರದ ನಾದಗಳು. ಉಸಿರಿನ ನಾದ, ಎಳೆದು ನಿಲ್ಲುವ ಸ್ವರ ಬರಬೇಕಾದದ್ದು ನಾಲ್ಕನೆಯವರಿಂದ. ಆ ಜಾಗದಲ್ಲಿ ಮೊದಲು ಲೆವಿ ಅವರ ಮೌತ್ ಆರ್ಗನ್ ಇತ್ತು, ಆಮೇಲೆ ಕೆಲವು ವರ್ಷ ಅದು ಖಾಲಿ ಇತ್ತು, ಆಮೇಲೆ ಜೆಫ್ ಕಾಫಿನ್ ಅವರ ಸ್ಯಾಕ್ಸೊಫೋನ್ ಬಂತು, ಕಡೆಗೆ ಮತ್ತೆ ಲೆವಿ ಬಂದರು. ಹೀಗೆ ನೋಡಿದರೆ ಅಷ್ಟೂ ಆಲ್ಬಮ್‌ಗಳು ನಾಲ್ಕು ಕಾಲಗಳಾಗಿ ಬಿಡಿಬಿಡಿಯಾಗಿ ಕಾಣುತ್ತವೆ, ನಿಮ್ಮ ಕಿವಿಗೆ ಯಾವ ಕಾಲ ಹಿಡಿಸುತ್ತದೆ ಎಂದು ತಿಳಿದುಕೊಂಡರೆ ಅರ್ಧ ಕೆಲಸ ಮುಗಿಯಿತು.

ಲೆವಿ ಅವರ ಮೊದಲ ಕಾಲದ್ದು ಮೂರು ಆಲ್ಬಮ್‌ಗಳು. ತಂಡದ ಹೆಸರನ್ನೇ ಹೊತ್ತ 1990ರ ಮೊದಲನೆಯದು, 1991ರ ‘ಫ್ಲೈಟ್ ಆಫ್ ದ ಕಾಸ್ಮಿಕ್ ಹಿಪ್ಪೋ’, 1992ರ ‘ಯುಎಫ್‌ಓ ಟೋಫು’. ಲೆವಿ ನುಡಿಸುವುದು ಮಕ್ಕಳ ಕೈಯಲ್ಲಿ ಕಾಣುವಂಥ, ಹತ್ತು ತೂತಿನ ಸಾಧಾರಣ ಮೌತ್ ಆರ್ಗನ್. ಅದರಲ್ಲಿ ಸಹಜವಾಗಿ ಎಲ್ಲ ಹನ್ನೆರಡು ಸ್ವರಗಳು ಸಿಗುವುದಿಲ್ಲ. ಉಸಿರಿನ ಒತ್ತಡದಿಂದ ಎಲೆಗಳನ್ನು ಬೇರೆ ರೀತಿಯಲ್ಲಿ ಕಂಪಿಸುವಂತೆ ಮಾಡಿ, ಇಲ್ಲದ ಸ್ವರಗಳನ್ನೂ ಹೊರಡಿಸುವ ತಂತ್ರವನ್ನು ಅವರು ಬೆಳೆಸಿದರು. ಎಷ್ಟೋ ಕಡೆ ಒಂದು ಕೈಯಲ್ಲಿ ಮೌತ್ ಆರ್ಗನ್ ಹಿಡಿದು ಇನ್ನೊಂದು ಕೈಯಲ್ಲಿ ಪಿಯಾನೊ ನುಡಿಸುತ್ತಾರೆ. ಈ ಮೂರರಲ್ಲಿ ಹೊಸಬರಿಗೆ ನಾನು ಮುಂದಿಡುವುದು 1990ರ ಮೊದಲನೆಯದನ್ನೇ. ಅದರ ‘ಸನ್‌ಸೆಟ್ ರೋಡ್’ ನಿಧಾನ ಲಯದ್ದು, ಬ್ಯಾಂಜೊದಂಥ ವಾದ್ಯದಿಂದ ಇಷ್ಟು ಬಿಡುವು ಬಿಟ್ಟು ನುಡಿಸಲು ಸಾಧ್ಯವೇ ಎನ್ನಿಸುವಂಥದ್ದು. ‘ಸೀ ಬ್ರೆಝಿಲ್’ ಹಗುರವಾಗಿ ಆಲ್ಬಮ್ಮಿನ ಬಾಗಿಲು ತೆರೆಯುತ್ತದೆ. ಎರಡನೆಯ ಆಲ್ಬಮ್ಮಿನ ಶೀರ್ಷಿಕೆ ರಚನೆಯಲ್ಲಿ ಬಾಸ್ ಗಿಟಾರ್ ಭಾರವಾದ ಹೆಜ್ಜೆ ಇಟ್ಟು ನಡೆಯುತ್ತದೆ, ಅದರ ಮೇಲೆ ಬ್ಯಾಂಜೊ ಆತುರವಿಲ್ಲದೆ ಮಾತನಾಡುತ್ತದೆ. ಮೂರನೆಯದು ಲೆಕ್ಕಾಚಾರ ಹೆಚ್ಚಿರುವ, ಎರಡು ಮೂರು ಬಾರಿ ಕೇಳಿದ ಮೇಲೆ ಬಿಚ್ಚಿಕೊಳ್ಳುವ ಆಲ್ಬಮ್. ಅದನ್ನು ತಡವಾಗಿ ಕೇಳಿದರೆ ಒಳ್ಳೆಯದು, ಆದರೆ ಅದರಲ್ಲಿರುವ ‘ಟ್ರೂ ನಾರ್ತ್’ ಮಾತ್ರ ಯಾವಾಗ ಕೇಳಿದರೂ ಹತ್ತಿರವಾಗುವಂಥ ಮಧುರ ರಚನೆ.

ಈ ಕಾಲದ ಒಂದು ರಚನೆಯನ್ನು ಹತ್ತಿರದಿಂದ ನೋಡೋಣ. ಮೊದಲ ಆಲ್ಬಮ್ಮಿನ ‘ದ ಸಿನಿಸ್ಟರ್ ಮಿನಿಸ್ಟರ್’ ತಂಡದ ಅತಿ ಹೆಸರಾದ ರಚನೆ. ಇದನ್ನು ಮೊದಲ ಬಾರಿ ಕೇಳುವಾಗ ಬ್ಯಾಂಜೊವನ್ನು ಬಿಟ್ಟು ಬಾಸ್ ಒಂದನ್ನೇ ಹಿಂಬಾಲಿಸಿ. ವಿಕ್ಟರ್ ವೂಟನ್ ಹೆಬ್ಬೆರಳಿನಿಂದ ತಂತಿಯನ್ನು ಕೆಳಗೆ ಹೊಡೆದು, ಅದೇ ಹೆಬ್ಬೆರಳನ್ನು ಮೇಲಕ್ಕೂ ಎಳೆದು, ನಡುವೆ ಬೆರಳುಗಳಿಂದ ತಂತಿ ಎತ್ತಿ ಬಿಡುತ್ತಾರೆ. ಎಡಗೈಯಿಂದ ತಂತಿಯನ್ನು ಸುಮ್ಮನೆ ತಟ್ಟಿ ನಾದವಿಲ್ಲದ ಪೆಟ್ಟುಗಳನ್ನೂ ಸೇರಿಸುತ್ತಾರೆ. ಸ್ವರ ಇರುವ ಪೆಟ್ಟು, ಸ್ವರ ಇಲ್ಲದ ಪೆಟ್ಟು ಎರಡನ್ನೂ ಬೇರೆ ಮಾಡಿ ಕೇಳಲು ತಬಲಾದ ಎಡ ಬಲ ಕೇಳಿ ಬಲ್ಲವರಿಗೆ ಕಷ್ಟವಾಗುವುದಿಲ್ಲ. ಎರಡನೆಯ ಬಾರಿ ಮೌತ್ ಆರ್ಗನ್ ಯಾವಾಗ ಒಳಗೆ ಬರುತ್ತದೆ, ಯಾವಾಗ ಸುಮ್ಮನಾಗುತ್ತದೆ ಎಂಬುದನ್ನಷ್ಟೇ ಗಮನಿಸಿ. ಬ್ಯಾಂಜೊವನ್ನು ಮೂರನೆಯ ಬಾರಿಗೆ ಇಟ್ಟುಕೊಳ್ಳಿ, ಅದು ಎಲ್ಲಿಗೂ ಓಡಿಹೋಗುವುದಿಲ್ಲ. ಇದೇ ರಚನೆಯ ಕಚೇರಿ ಧ್ವನಿಮುದ್ರಣಕ್ಕೆ 1997ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಸ್ಟುಡಿಯೋದ್ದು ಮತ್ತು ಕಚೇರಿಯದ್ದು ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳಿದರೆ, ಇವರು ಬರೆದಿಟ್ಟ ರಚನೆಯನ್ನು ವೇದಿಕೆಯ ಮೇಲೆ ಎಷ್ಟು ಹಿಗ್ಗಿಸುತ್ತಾರೆ ಎಂಬುದು ಗೊತ್ತಾಗುತ್ತದೆ.

1992ರ ಕೊನೆಗೆ ಲೆವಿ ತಂಡ ಬಿಟ್ಟರು. ಉಳಿದ ಮೂವರು 1993ರಲ್ಲಿ ‘ಥ್ರೀ ಫ್ಲೂ ಓವರ್ ದ ಕುಕೂಸ್ ನೆಸ್ಟ್’ ಎಂಬ ಆಲ್ಬಮ್ ಮಾಡಿದರು. ನನ್ನ ಅಭಿಪ್ರಾಯದಲ್ಲಿ ಜನ ತೀರ ಕಡಿಮೆ ಗಮನಿಸಿದ ಒಳ್ಳೆಯ ಆಲ್ಬಮ್ ಇದು. ನಾಲ್ಕನೆಯ ಜಾಗ ಖಾಲಿ ಇರುವುದರಿಂದ ಬಾಸ್ ಮುಂದೆ ಬಂದಿದೆ, ಒಬ್ಬೊಬ್ಬರ ಕೆಲಸವೂ ಬಿಡಿಸಿ ಕೇಳಿಸುತ್ತದೆ. ವಾದ್ಯ ಕಲಿಯುತ್ತಿರುವವರು, ಅದರಲ್ಲಿಯೂ ಬಾಸ್ ಅಥವಾ ಗಿಟಾರ್ ಕಲಿಯುವ ಹುಡುಗರು, ಇದನ್ನೇ ಮೊದಲು ಕೇಳಲಿ ಎನ್ನುತ್ತೇನೆ. ಆದರೆ ಕೇಳುವ ಸುಖಕ್ಕಾಗಿ ಮಾತ್ರ ಬರುವವರಿಗೆ ಮೊದಲಿಗೇ ಇದು ಸ್ವಲ್ಪ ಒಣಗಿದಂತೆ ಕಾಣಬಹುದು.

ಈ ಮೂವರ ಕಾಲದಲ್ಲಿಯೇ ಹೊರಬಂದದ್ದು ‘ಲೈವ್ ಆರ್ಟ್’. 1996ರ ಈ ಎರಡು ಸೀಡಿಗಳ ಆಲ್ಬಮ್ಮಿನಲ್ಲಿ ಬೇರೆ ಬೇರೆ ವರ್ಷಗಳ ಕಚೇರಿಗಳಿಂದ ಆಯ್ದ ರಚನೆಗಳಿವೆ. ಪಿಯಾನೊದಲ್ಲಿ ಚಿಕ್ ಕೊರಿಯಾ, ಸ್ಯಾಕ್ಸೊಫೋನಿನಲ್ಲಿ ಬ್ರ್ಯಾನ್‌ಫರ್ಡ್ ಮಾರ್ಸಾಲಿಸ್, ಮ್ಯಾಂಡೊಲಿನ್ನಿನಲ್ಲಿ ಸ್ಯಾಮ್ ಬುಶ್ ಮುಂತಾದವರು ಬಂದು ಹೋಗುತ್ತಾರೆ. ಅತಿಥಿಗಳ ಪಟ್ಟಿ ನೋಡಿ ಆರಿಸಬೇಡಿ ಎಂದು ಮೇಲೆ ಹೇಳಿದ್ದಕ್ಕೆ ಇದೊಂದು ಅಪವಾದ. ಇಲ್ಲಿ ಅತಿಥಿಗಳು ತಂಡದ ರಚನೆಯೊಳಕ್ಕೆ ಬಂದು ನುಡಿಸುತ್ತಾರೆ, ಅತಿಥಿಗಾಗಿ ರಚನೆಯನ್ನು ಬದಲಿಸಿಲ್ಲ. ಬೈಠಕ್ ಕೇಳಿ ರೂಢಿಯಿರುವ ನಮ್ಮ ಕಡೆಯವರು ಒಂದೇ ಒಂದು ಆಲ್ಬಮ್ ಹೇಳಿ ಎಂದು ಒತ್ತಾಯ ಮಾಡಿದರೆ ನಾನು ಹೇಳುವುದು ಇದನ್ನೇ. ಕೇಳುಗರ ಚಪ್ಪಾಳೆ, ಒಬ್ಬರು ಇನ್ನೊಬ್ಬರಿಗೆ ಜಾಗ ಬಿಟ್ಟುಕೊಡುವ ಕ್ಷಣ, ಅಂದುಕೊಂಡದ್ದಕ್ಕಿಂತ ಎರಡು ಆವರ್ತ ಹೆಚ್ಚಿಗೆ ಹೋಗಿ ವಾಪಸ್ಸು ಬರುವ ಖುಷಿ, ಇವೆಲ್ಲ ಸ್ಟುಡಿಯೋ ಆಲ್ಬಮ್ಮಿನಲ್ಲಿ ಸಿಗುವುದಿಲ್ಲ. ಇದರ ಮೊದಲ ರಚನೆ ‘ನ್ಯೂ ಸೌತ್ ಆಫ್ರಿಕಾ’ ಹಬ್ಬದ ದಿನದಂತೆ ಶುರುವಾಗುತ್ತದೆ. ‘ಸ್ಟಾಂಪಿಂಗ್ ಗ್ರೌಂಡ್ಸ್’ನಲ್ಲಿ ಬ್ಲೂಗ್ರಾಸಿನ ಬೇರು ಎದ್ದು ಕಾಣುತ್ತದೆ.

ಜೆಫ್ ಕಾಫಿನ್ ಸೇರಿದ ಮೇಲಿನ ಕಾಲ ಉದ್ದವಾದದ್ದು, ಏರುಪೇರಿನದ್ದೂ ಹೌದು. ಕಾರವಾರ, ಅಂಕೋಲಾದ ಕಡೆಯವರಿಗೆ ಗೋವಾ ಹತ್ತಿರವಾದ್ದರಿಂದ ಸ್ಯಾಕ್ಸೊಫೋನ್ ಮದುವೆಯ ಬ್ಯಾಂಡುಗಳಿಂದಲೇ ಪರಿಚಿತ. ಕದ್ರಿ ಗೋಪಾಲನಾಥ್ ಅವರನ್ನು ಕೇಳಿದ ಕರಾವಳಿಯವರಿಗೆ ಆ ವಾದ್ಯದಲ್ಲಿ ಗಮಕವೂ ಬರುತ್ತದೆ ಎಂದು ಹೇಳಿಕೊಡಬೇಕಾಗಿಲ್ಲ. ಅಂಥವರು ಈ ಕಾಲದಿಂದ ಶುರು ಮಾಡಬಹುದು. ಕಾಫಿನ್ ಕೆಲವೊಮ್ಮೆ ಎರಡು ಸ್ಯಾಕ್ಸೊಫೋನ್‌ಗಳನ್ನು ಒಟ್ಟಿಗೇ ಬಾಯಿಗಿಟ್ಟು ನುಡಿಸುತ್ತಾರೆ. ಅದು ಚಮತ್ಕಾರ ನಿಜ, ಆದರೆ ಅವರ ಹೆಚ್ಚುಗಾರಿಕೆ ಇರುವುದು ಬ್ಯಾಂಜೊದ ಜೊತೆ ಒಂದೇ ಸಾಲನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ನುಡಿಸುವುದರಲ್ಲಿ.

ಈ ಕಾಲದ ಮೊದಲನೆಯದು 1998ರ ‘ಲೆಫ್ಟ್ ಆಫ್ ಕೂಲ್’. ಇದರಲ್ಲಿ ಹಾಡುಗಾರಿಕೆ ಸೇರಿಕೊಂಡಿದೆ, ರಾಯ್ ವೂಟನ್ ಹಾಡಿದ್ದಾರೆ. ಹಾಡುಗಳು ಬಂದಲ್ಲೆಲ್ಲ ತಂಡದ ಮಾತಿನ ಹರಿತ ಕಡಿಮೆಯಾಗಿದೆ ಎಂದು ನನಗನ್ನಿಸುತ್ತದೆ. ಆದರೂ ‘ಬಿಗ್ ಕಂಟ್ರಿ’ ಎಂಬ ವಾದ್ಯರಚನೆಗಾಗಿ ಇದನ್ನು ಬಿಡಬಾರದು. ಬಹಳ ಸರಳವಾದ, ಒಮ್ಮೆ ಕೇಳಿದರೆ ಗುನುಗಲು ಬರುವ ಎಳೆ ಅದು. ಭಾವಗೀತೆ ಕೇಳುವ ಮನೆಯವರಿಗೆ, ಲೆಕ್ಕಾಚಾರದ ತಾಳ ಒಗ್ಗದವರಿಗೆ ಇದೊಂದು ರಚನೆ ಮೊದಲು ಕೇಳಿಸಿ. ‘ಸೋಜರ್ನ್ ಆಫ್ ಅರ್ಜುನ’ ಎಂಬ ರಚನೆಯೂ ಇದರಲ್ಲಿಯೇ ಇದೆ.

2000ದ ‘ಔಟ್‌ಬೌಂಡ್’ ನಮ್ಮವರು ಕೇಳಲೇಬೇಕಾದದ್ದು. ಸಂದೀಪ್ ಬರ್ಮನ್ ಅವರ ತಬಲಾ, ರಷ್ಯಾದ ತುವಾ ಪ್ರಾಂತ್ಯದ ಕೊಂಗರ್-ಓಲ್ ಒಂಡಾರ್ ಅವರ ಗಂಟಲು ಗಾಯನ, ಆ್ಯಂಡಿ ನಾರೆಲ್ ಅವರ ಸ್ಟೀಲ್ ಪ್ಯಾನ್ ಎಂಬ ಉಕ್ಕಿನ ವಾದ್ಯ, ಪಾಲ್ ಹ್ಯಾನ್ಸನ್ ಅವರ ಬಸೂನ್ ಎಂಬ ಊದುವಾದ್ಯ ಎಲ್ಲ ಇದರಲ್ಲಿ ಬಂದು ಸೇರುತ್ತವೆ. ‘ಶುಭ ಯಾತ್ರಾ’ ಎಂಬ ರಚನೆ ಹೆಸರಿನಲ್ಲಿಯೇ ನಮ್ಮ ಕಡೆಗೆ ಮುಖ ಮಾಡಿದೆ. ಅಮೆರಿಕದ ರಚನಕಾರ ಆ್ಯರನ್ ಕೋಪ್ಲಂಡ್ ಅವರ ‘ಹೋ ಡೌನ್’ ಅನ್ನು ಬ್ಯಾಂಜೊಗೆ ಅಳವಡಿಸಿದ್ದು ಇದರಲ್ಲಿಯೇ ಇದೆ. ಈ ಆಲ್ಬಮ್ 2001ರಲ್ಲಿ ಸಮಕಾಲೀನ ಜಾಝ್ ವಿಭಾಗದಲ್ಲಿ ಗ್ರ್ಯಾಮಿ ಪಡೆಯಿತು. ಆದರೆ ಇದರ ಹೂರಣ ಪೂರ್ತಿ ತಿಳಿಯಬೇಕಾದರೆ 2002ರ ‘ಲೈವ್ ಅಟ್ ದ ಕ್ವಿಕ್’ ನೋಡಬೇಕು. ಕನೆಕ್ಟಿಕಟ್‌ನ ಫೇರ್‌ಫೀಲ್ಡ್‌ನಲ್ಲಿರುವ ಕ್ವಿಕ್ ಸೆಂಟರ್ ಎಂಬ ರಂಗಮಂದಿರದಲ್ಲಿ ನಡೆದ ಕಚೇರಿಯ ಧ್ವನಿಮುದ್ರಣ ಅದು, ವಿಡಿಯೋ ರೂಪದಲ್ಲಿಯೂ ಬಂದಿದೆ. ಡ್ರಮಿಟಾರ್ ಎಂದರೆ ಏನು ಎಂಬುದು ಎಷ್ಟು ಬರೆದರೂ ಅರ್ಥವಾಗದು. ವಿಡಿಯೋದಲ್ಲಿ ರಾಯ್ ಅವರ ಬೆರಳು ನೋಡಿದ ಮೇಲೆ ಹಳೆಯ ಆಲ್ಬಮ್‌ಗಳೂ ಬೇರೆ ರೀತಿಯಲ್ಲಿ ಕೇಳಿಸಲು ತೊಡಗುತ್ತವೆ.

2003ರ ‘ಲಿಟಲ್ ವರ್ಲ್ಡ್ಸ್’ ಮೂರು ಸೀಡಿಗಳದ್ದು. ಬಾಬಿ ಮೆಕ್‌ಫೆರಿನ್, ಡೆರೆಕ್ ಟ್ರಕ್ಸ್, ಐರ್ಲೆಂಡಿನ ಚೀಫ್‌ಟನ್ಸ್ ತಂಡ ಹೀಗೆ ದೊಡ್ಡ ಹೆಸರುಗಳ ಸಾಲೇ ಇದೆ. ಇದನ್ನು ಕೊನೆಗೆ ಇಟ್ಟುಕೊಳ್ಳಿ. ಕೆಟ್ಟದ್ದು ಎಂದಲ್ಲ, ಆದರೆ ಇಷ್ಟು ಉದ್ದಕ್ಕೆ ಹರಡಿದಾಗ ತಂಡದ ಸ್ವಂತ ದನಿ ತೆಳುವಾಗಿದೆ. ಕುತೂಹಲವಿದ್ದವರಿಗೆ ಇದರಿಂದಲೇ ಹತ್ತು ರಚನೆ ಆಯ್ದ ‘ಟೆನ್ ಫ್ರಮ್ ಲಿಟಲ್ ವರ್ಲ್ಡ್ಸ್’ ಸಾಕು.

ಇದರ ಮರುಮಾತು ಎನ್ನುವಂತೆ ಬಂದದ್ದು 2006ರ ‘ದ ಹಿಡನ್ ಲ್ಯಾಂಡ್’. ಅತಿಥಿಗಳು ಯಾರೂ ಇಲ್ಲ, ನಾಲ್ವರೇ. ಜರ್ಮನಿಯ ಹಳೆಯ ರಚನಕಾರ ಬಾಖ್ ಅವರ ಒಂದು ಫ್ಯೂಗ್ ರಚನೆಯಿಂದ ಆಲ್ಬಮ್ ಆರಂಭವಾಗುತ್ತದೆ. ಒಂದೇ ಎಳೆಯನ್ನು ಒಬ್ಬರ ಹಿಂದೊಬ್ಬರು ಹಿಡಿದು, ಎಲ್ಲ ಎಳೆಗಳೂ ಒಂದರೊಳಗೊಂದು ಹೆಣೆದುಕೊಳ್ಳುವ ಆ ಕ್ರಮವನ್ನು ಬ್ಯಾಂಜೊ, ಬಾಸ್, ಸ್ಯಾಕ್ಸೊಫೋನ್‌ಗಳಲ್ಲಿ ಕೇಳುವುದು ಬೇರೆಯೇ ಅನುಭವ. ‘ಚೆನ್ನೈ’ ಎಂಬ ಹೆಸರಿನ ರಚನೆಯೂ ಇದರಲ್ಲಿದೆ. ಸ್ಯಾಕ್ಸೊಫೋನ್ ಕಾಲದಲ್ಲಿ ಒಂದನ್ನೇ ಆರಿಸುವುದಾದರೆ ಇದನ್ನು ಆರಿಸಿ. 2007ರಲ್ಲಿ ಇದಕ್ಕೂ ಗ್ರ್ಯಾಮಿ ಬಂತು, ಅದು ಸರಿಯಾದ ಕಡೆಗೇ ಹೋದ ಪ್ರಶಸ್ತಿ. 2008ರ ‘ಜಿಂಗಲ್ ಆಲ್ ದ ವೇ’ ಕ್ರಿಸ್ಮಸ್ ಹಾಡುಗಳದ್ದು. ಕಾರವಾರದ ಇಗರ್ಜಿಗಳಲ್ಲಿ, ಕ್ರೈಸ್ತ ಸ್ನೇಹಿತರ ಮನೆಗಳಲ್ಲಿ ಈ ಹಾಡುಗಳ ಮೂಲ ರಾಗಗಳನ್ನು ಕೇಳಿದವರಿಗೆ ಇದು ಹೆಚ್ಚು ರುಚಿಸುತ್ತದೆ, ಮೂಲ ಗೊತ್ತಿಲ್ಲದವರಿಗೆ ಅರ್ಧ ಸ್ವಾರಸ್ಯ ತಪ್ಪುತ್ತದೆ. ಹನ್ನೆರಡು ದಿನಗಳ ಉಡುಗೊರೆಗಳನ್ನು ಎಣಿಸುವ ಹಳೆಯ ಕ್ರಿಸ್ಮಸ್ ಹಾಡೊಂದನ್ನು ಇವರು ದಿನಕ್ಕೊಂದರಂತೆ ಹನ್ನೆರಡು ಶ್ರುತಿಗಳಲ್ಲಿ, ಹನ್ನೆರಡು ಬೇರೆ ಬೇರೆ ತಾಳಗಳಲ್ಲಿ ನುಡಿಸಿದ್ದಾರೆ. ಡಿಸೆಂಬರಿನಲ್ಲಿ ಅದೊಂದನ್ನು ಹುಡುಕಿ ಕೇಳಿ.

ಕಡೆಯದು 2011ರ ‘ರಾಕೆಟ್ ಸೈನ್ಸ್’. ಹತ್ತೊಂಬತ್ತು ವರ್ಷಗಳ ನಂತರ ಲೆವಿ ತಂಡದ ಆಲ್ಬಮ್ಮಿಗೆ ವಾಪಸ್ಸಾದರು. ಮೊದಲ ಮೂರು ಆಲ್ಬಮ್‌ಗಳಲ್ಲಿ ಹುಡುಗಾಟದ ಉತ್ಸಾಹವಿದ್ದರೆ ಇಲ್ಲಿ ಅದೇ ನಾಲ್ವರು ಮಾಗಿದ್ದಾರೆ. ಇದರ ‘ಲೈಫ್ ಇನ್ ಇಲೆವೆನ್’ ಫ್ಲೆಕ್ ಮತ್ತು ಲೆವಿ ಸೇರಿ ಬರೆದದ್ದು, 2012ರಲ್ಲಿ ಅತ್ಯುತ್ತಮ ವಾದ್ಯರಚನೆ ಎಂದು ಗ್ರ್ಯಾಮಿ ಪಡೆದದ್ದು. ಹೆಸರೇ ಹೇಳುವಂತೆ ಹನ್ನೊಂದರ ಎಣಿಕೆ. ಶಿರಸಿಯ ಹತ್ತಿರದ ನಮ್ಮ ನೆಂಟರ ಮನೆಯಲ್ಲಿ, ತಬಲಾ ನುಡಿಸುವ ಹಿರಿಯರೊಬ್ಬರಿಗೆ ನಾನು ಏನನ್ನೂ ಹೇಳದೆ ಇದನ್ನು ಕೇಳಿಸಿದೆ. ಅವರು ಕಣ್ಣು ಮುಚ್ಚಿ ತೊಡೆಯ ಮೇಲೆ ಬೆರಳು ಮಡಿಸುತ್ತ ಕುಳಿತರು, ಎರಡು ಬಾರಿ ಎಣಿಕೆ ತಪ್ಪಿತು, ಮೂರನೆಯ ಆವರ್ತಕ್ಕೆ ಬೆರಳು ನಿಂತಿತು. “ತಮಾ, ಇದು ಹನ್ನೊಂದು ಮಾತ್ರೆ ಇದ್ದಲಾ! ಸಮ್ಮಿಗೆ ಸರಿಯಾಗಿ ಬತ್ತು ನೋಡು,” ಎಂದರು. ಆಮೇಲೆ ಆಲ್ಬಮ್ ಮುಗಿಯುವವರೆಗೆ ಅವರು ಏಳಲಿಲ್ಲ. ಏಳರ ಎಣಿಕೆಯ ತ್ರಿವುಡೆಯನ್ನು ಯಕ್ಷಗಾನದ ಪದಗಳಲ್ಲಿ ಕೇಳುತ್ತ ಬೆಳೆದವರಿಗೆ ನಾಲ್ಕರ ಎಣಿಕೆಯಾಚೆಗಿನ ತಾಳ ಅಸಹಜ ಎನ್ನಿಸುವುದಿಲ್ಲ. ಪಾಶ್ಚಾತ್ಯ ಕೇಳುಗರು ಇದರಲ್ಲಿ ಕಷ್ಟಪಡುವ ಜಾಗದಲ್ಲಿ ನಮ್ಮವರು ನೆಮ್ಮದಿಯಿಂದ ಕೂರಬಲ್ಲರು. ಆದ್ದರಿಂದ ಕಷ್ಟದ್ದು ಎಂದು ಯಾರಾದರೂ ಹೆದರಿಸಿದರೂ, ಲಯದ ರುಚಿ ಇರುವವರು ‘ಲೈವ್ ಆರ್ಟ್’ ಆದ ಮೇಲೆ ನೇರವಾಗಿ ಈ ಆಲ್ಬಮ್ಮಿಗೆ ಬರಬಹುದು.

ಕೇಳುವ ಕ್ರಮದ ಬಗ್ಗೆಯೂ ಹೇಳಬೇಕು, ಏಕೆಂದರೆ ಆಲ್ಬಮ್ ಸರಿಯಾಗಿ ಆರಿಸಿಯೂ ಸಾಧನ ಸರಿಯಿಲ್ಲದೆ ಹಾಳಾಗುವುದುಂಟು. ಬಾಸ್ ಗಿಟಾರಿನ ಅತಿ ಮಂದ್ರದ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41. ಮೊಬೈಲಿನ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗಿನ ನಾದ ಹೊರಡಿಸುವ ಶಕ್ತಿಯೇ ಇಲ್ಲ. ಅದರಲ್ಲಿ ಕೇಳಿದರೆ ವಿಕ್ಟರ್ ವೂಟನ್ ಅರ್ಧಕ್ಕರ್ಧ ಮಾಯವಾಗಿ, ಬ್ಯಾಂಜೊ ಒಂದೇ ಕಿವಿಗೆ ಚುಚ್ಚುತ್ತದೆ. ಈ ತಂಡ ಗದ್ದಲ ಮಾಡುತ್ತದೆ ಎಂದು ದೂರುವವರಲ್ಲಿ ಹಲವರು ಕೇಳಿದ್ದು ಹೀಗೆಯೇ. ಸಾಧಾರಣವಾದರೂ ಸರಿ, ಕಿವಿ ಮುಚ್ಚುವ ಹೆಡ್‌ಫೋನ್ ಬಳಸಿ, ಅಥವಾ ಮನೆಯಲ್ಲಿ ಹಳೆಯ ಸ್ಟೀರಿಯೋ ಇದ್ದರೆ ಅದಕ್ಕೆ ತಂತಿ ಜೋಡಿಸಿ. ಮಳೆಗಾಲದಲ್ಲಿ ಹೆಂಚಿನ ಮೇಲೆ, ತಗಡಿನ ಮೇಲೆ ಮಳೆ ಸುರಿಯುವಾಗ ನಿಧಾನ ಲಯದ ರಚನೆಗಳನ್ನು ಕೇಳುವುದರಲ್ಲಿ ಅರ್ಥವಿಲ್ಲ, ಮಳೆಯ ಸದ್ದು ಅವುಗಳ ನಡುವಿನ ಬಿಡುವನ್ನೆಲ್ಲ ತುಂಬಿಬಿಡುತ್ತದೆ. ಅಂಥ ದಿನಕ್ಕೆ ‘ಲೈವ್ ಆರ್ಟ್’ನಂಥ ತುಂಬು ನಾದದ್ದು ಸರಿ. ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬುವಂತಿಲ್ಲದ ಊರುಗಳಲ್ಲಿ ಆ್ಯಪ್‌ನಲ್ಲಿ ಆಲ್ಬಮ್ ಪೂರ್ತಿ ಇಳಿಸಿಕೊಂಡು ಇಟ್ಟುಕೊಳ್ಳುವುದು ಒಳ್ಳೆಯದು. ಶಿರಸಿಯಿಂದ ಕುಮಟೆಗೆ ದೇವಿಮನೆ ಘಟ್ಟ ಇಳಿಯುವಾಗ, ಕಾರವಾರದ ರೈಲು ಸುರಂಗ ಹೊಕ್ಕಾಗ ಸಂಗೀತ ನಡುವೆ ನಿಂತರೆ ಹನ್ನೊಂದರ ಎಣಿಕೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಹುಡುಕುವಾಗ ಒಂದು ಎಚ್ಚರಿಕೆ. ಬೇಲಾ ಫ್ಲೆಕ್ ಅವರ ಸ್ವಂತ ಹೆಸರಿನ ಆಲ್ಬಮ್‌ಗಳು ಮತ್ತು ಫ್ಲೆಕ್‌ಟೋನ್ಸ್ ಹೆಸರಿನವು ಆ್ಯಪ್‌ಗಳಲ್ಲಿ ಬೇರೆ ಬೇರೆ ಪುಟಗಳಲ್ಲಿರುತ್ತವೆ. 1999ರ ‘ಗ್ರೇಟೆಸ್ಟ್ ಹಿಟ್ಸ್ ಆಫ್ ದ ಟ್ವೆಂಟಿಯತ್ ಸೆಂಚುರಿ’ ಎಂಬ ಸಂಕಲನವೂ ಕಣ್ಣಿಗೆ ಬೀಳುತ್ತದೆ. ಅದು ಮೊದಲ ಹತ್ತು ವರ್ಷಗಳ ಆಯ್ಕೆ. ಬಿಡುವಿಲ್ಲದವರಿಗೆ ತೊಂದರೆಯಿಲ್ಲ, ಆದರೆ ನಾಲ್ಕನೆಯ ಜಾಗ ಬದಲಾದದ್ದು ಅದರಲ್ಲಿ ಕಲಸಿಹೋಗುತ್ತದೆ. ಯಾವ ಕಾಲ ತನಗೆ ಹಿಡಿಸಿತು ಎಂದು ಕೇಳುಗನಿಗೆ ಗೊತ್ತಾಗುವುದಿಲ್ಲ.

ತಂಡದ ಆಲ್ಬಮ್‌ಗಳು ಹಿಡಿಸಿದ ಮೇಲೆ ಎರಡು ದಾರಿಗಳಿವೆ. ಬ್ಲೂಗ್ರಾಸಿನ ಕಡೆಗೆ ಹೋಗಬೇಕೆನ್ನುವವರು ಫ್ಲೆಕ್ ಅವರ 1988ರ ‘ಡ್ರೈವ್’ ಕೇಳಲಿ. ಗಿಟಾರಿನಲ್ಲಿ ಟೋನಿ ರೈಸ್, ಮ್ಯಾಂಡೊಲಿನ್ನಿನಲ್ಲಿ ಸ್ಯಾಮ್ ಬುಶ್, ಡೋಬ್ರೊ ಎಂಬ ಬಗೆಯ ಗಿಟಾರಿನಲ್ಲಿ ಜೆರ್ರಿ ಡಗ್ಲಸ್. ಡ್ರಮ್ ಇಲ್ಲದೆಯೂ ತಾಳ ಹೇಗೆ ಬಿಗಿಯಾಗಿ ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 2021ರ ‘ಮೈ ಬ್ಲೂಗ್ರಾಸ್ ಹಾರ್ಟ್’ ಅದೇ ದಾರಿಯಲ್ಲಿ ಬಹಳ ಮುಂದೆ ಸಾಗಿದ್ದು. ಹಿಂದೂಸ್ತಾನಿಯ ಕಡೆಗೆ ವಾಲಿದವರಿಗೆ 1996ರ ‘ಟ್ಯಾಬುಲಾ ರಾಸಾ’ ಇದೆ. ಮೋಹನ ವೀಣೆಯ ವಿಶ್ವಮೋಹನ ಭಟ್ ಮತ್ತು ಚೀನಾದ ಎರಡು ತಂತಿಯ ವಾದ್ಯ ಎರ್ಹು ನುಡಿಸುವ ಜೀ-ಬಿಂಗ್ ಚೆನ್ ಅವರೊಂದಿಗೆ ಫ್ಲೆಕ್ ಮಾಡಿದ್ದು. ಎಳೆದು ನಿಲ್ಲುವ ಎರಡು ನಾದಗಳ ನಡುವೆ ಸಿಡಿಯುವ ಬ್ಯಾಂಜೊ ಹೇಗೆ ತನ್ನ ಜಾಗ ಹುಡುಕಿಕೊಳ್ಳುತ್ತದೆ ಎಂಬುದನ್ನು ಅದರಲ್ಲಿ ಗಮನಿಸಬೇಕು.

ಝಾಕಿರ್ ಹುಸೇನ್ ಮತ್ತು ನಿಲುವು ಬಾಸಿನ ಎಡ್ಗರ್ ಮೇಯರ್ ಅವರ ಜೊತೆ ಫ್ಲೆಕ್ ಎರಡು ಆಲ್ಬಮ್ ಮಾಡಿದ್ದಾರೆ. 2009ರ ‘ದ ಮೆಲೊಡಿ ಆಫ್ ರಿದಮ್’ನಲ್ಲಿ ಡೆಟ್ರಾಯಿಟ್ ಸಿಂಫನಿ ವಾದ್ಯವೃಂದವೂ ಇದೆ. 2023ರ ‘ಆ್ಯಸ್ ವಿ ಸ್ಪೀಕ್’ನಲ್ಲಿ ರಾಕೇಶ್ ಚೌರಾಸಿಯಾ ಅವರ ಬಾನ್ಸುರಿ ಸೇರಿದೆ. ಎರಡರಲ್ಲಿ ಎರಡನೆಯದನ್ನು ಮೊದಲು ಕೇಳಿ. ಫ್ಲೆಕ್‌ಟೋನ್ಸ್‌ನಲ್ಲಿ ಮೌತ್ ಆರ್ಗನ್ ಮತ್ತು ಸ್ಯಾಕ್ಸೊಫೋನ್ ಕುಳಿತ ಉಸಿರಿನ ಜಾಗದಲ್ಲಿ ಇಲ್ಲಿ ಕೊಳಲು ಕುಳಿತಿದೆ, ಡ್ರಮಿಟಾರಿನ ಜಾಗದಲ್ಲಿ ತಬಲಾ. ಇದರ ‘ಪಶ್ತೋ’ ಎಂಬ ರಚನೆಗೂ, ಆಲ್ಬಮ್ಮಿಗೂ 2024ರ ಫೆಬ್ರವರಿಯಲ್ಲಿ ಗ್ರ್ಯಾಮಿ ಬಂದವು. ಅದೇ ವರ್ಷದ ಡಿಸೆಂಬರಿನಲ್ಲಿ ಝಾಕಿರ್ ಹುಸೇನ್ ತೀರಿಕೊಂಡರು. ಮನೆಯ ಹಿರಿಯರಿಗೆ ಈ ಸಂಗೀತದ ರುಚಿ ಹತ್ತಿಸಬೇಕೆಂದಿದ್ದರೆ ‘ಪಶ್ತೋ’ದಿಂದ ಆರಂಭಿಸಿ, ಆಲ್ಬಮ್ ಪೂರ್ತಿ ಕೇಳಿಸಿ, ಆಮೇಲೆ ‘ಲೈವ್ ಆರ್ಟ್’ನ ಮೊದಲ ಸೀಡಿಗೆ ಕರೆದುಕೊಂಡು ಹೋಗಿ.